ಪಕ್ಕದ ಸೀಟಿನ ಬ್ರೇಕು

ಜನವರಿ ೫, ಸೋಮವಾರ

ನಾಲ್ಕು ತಿಂಗಳ ನಂತರ ಇವತ್ತು ಮತ್ತೆ ಪಕ್ಕದ ಸೀಟಿನಲ್ಲಿ ಕುಳಿತೆ. ಡ್ರೈವಿಂಗ್ ಶಾಲೆಯ ಮೇಷ್ಟ್ರಿಗೆ ಅದೇ ಸಿಂಹಾಸನ. ಸ್ಟೀರಿಂಗ್ ಇಲ್ಲ, ಕ್ಲಚ್ ಇಲ್ಲ. ಕಾಲ ಬುಡದಲ್ಲಿ ಒಂದೇ ಒಂದು ಹೆಚ್ಚುವರಿ ಬ್ರೇಕು, ಕಲಿಯುವವರು ದಿಕ್ಕುತಪ್ಪಿದಾಗ ಒತ್ತುವುದಕ್ಕೆ. ಹದಿನೆಂಟು ವರ್ಷದಲ್ಲಿ ಅದನ್ನು ಒತ್ತಿದ್ದು ಬೆರಳೆಣಿಕೆಯಷ್ಟು ಸಲ ಎಂದು ಕಂಡಕಂಡವರ ಹತ್ತಿರ ಜಂಬ ಕೊಚ್ಚಿಕೊಂಡವನು ನಾನು.

ದಿನಚರಿ ಬರೆಯಲು ಹೇಳಿದ್ದು ಆಸ್ಪತ್ರೆಯ ನರ್ಸಮ್ಮ. "ಮನಸ್ಸಲ್ಲೇ ಇಟ್ಕೋಬೇಡಿ, ಎಲ್ಲಾದ್ರೂ ಹೊರಗೆ ಹಾಕಿ" ಅಂದರು. ಹೊರಗೆ ಹಾಕುವ ಕೆಲಸವನ್ನು ಈಗ ಹೊಟ್ಟೆಯೇ ವಹಿಸಿಕೊಂಡಿದೆಯಲ್ಲ ಅಂದೆ. ಅವರು ನಗಲಿಲ್ಲ.

ಕರುಳಿನಲ್ಲಿ ಗಡ್ಡೆ ಇತ್ತು, ತೆಗೆದರು. ಪೂರಾ ಬಂತು, ಇನ್ನು ಭಯವಿಲ್ಲ ಎಂದರು ಡಾಕ್ಟರು. ಗಡ್ಡೆಯ ಜೊತೆಗೆ ಕರುಳಿನ ಕೊನೆಯ ಭಾಗವೂ ಹೋಯಿತು. ಉಳಿದ ತುದಿಯನ್ನು ಹೊಕ್ಕುಳಿನ ಎಡಕ್ಕೆ ಹೊರಗೆ ತಂದು ಹೊಲಿದು, ಅದರ ಮೇಲೊಂದು ಚೀಲ ಅಂಟಿಸಿದ್ದಾರೆ. ಇನ್ನು ಜೀವಮಾನವಿಡೀ ಶೌಚವೆಲ್ಲ ಅದರೊಳಗೆ. ನನ್ನ ಅಪ್ಪಣೆ ಕೇಳುವ ಪದ್ಧತಿ ಅದಕ್ಕಿಲ್ಲ. ಬೇಕಾದಾಗ ತುಂಬುತ್ತದೆ, ಬೇಕಾದಾಗ ಸದ್ದು ಮಾಡುತ್ತದೆ, ನಾಲ್ಕು ಜನರ ಮುಂದೆ ಸ್ವಲ್ಪ ಜೋರಾಗಿಯೇ ಮಾಡುತ್ತದೆ. ನಾವು ಮಾತ್ರ ಅದನ್ನು ಮರ್ಯಾದೆಯಿಂದ ನೋಡಿಕೊಳ್ಳಬೇಕು. ಹಾಗಾಗಿ ಬಹುವಚನದಲ್ಲಿ "ಬೀಗರು" ಎಂದು ಹೆಸರಿಟ್ಟಿದ್ದೇನೆ.

ಹೊಟ್ಟೆಯ ಮೇಲೊಂದು ಚೀಲ,
ಬೀಗರಿಗಿಲ್ಲ ಹೊತ್ತು ಕಾಲ.

ವಿಷಯ ಗೊತ್ತಿರುವುದು ನನ್ನ ಹೆಂಡತಿಗೆ, ಡಾಕ್ಟರಿಗೆ, ನರ್ಸಮ್ಮನಿಗೆ. ಶಾಲೆಯ ಮಾಲೀಕರಿಗೆ "ಹೊಟ್ಟೆಯಲ್ಲಿ ಗಡ್ಡೆ, ಆಪರೇಷನ್" ಎಂದಷ್ಟೇ ಹೇಳಿದ್ದೇನೆ. ಮಿಕ್ಕದ್ದು ಯಾರಿಗೂ ತಿಳಿಯಬಾರದು. ಕಾರೆಂದರೆ ಇಬ್ಬರು ಮೊಣಕೈ ತಾಗುವಷ್ಟು ಹತ್ತಿರ ಕೂರುವ ಪೆಟ್ಟಿಗೆ. ತಿಳಿದ ಮೇಲೆ ಯಾರು ಕೂರುತ್ತಾರೆ ನನ್ನ ಪಕ್ಕ?

ಬೆಳಿಗ್ಗೆ ಸೀಟ್ ಬೆಲ್ಟ್ ಹಾಕಿದೆ. ಅದರ ಕೆಳಪಟ್ಟಿ ನೇರವಾಗಿ ಬೀಗರ ನೆತ್ತಿಯ ಮೇಲೆ ಕುಳಿತಿತು. ಕಲಿಯುವವರು ರಪ್ಪನೆ ಬ್ರೇಕ್ ಹಾಕಿದರೆ ಪಟ್ಟಿ ಬಿಗಿಯುತ್ತದೆ. ಬಿಗಿದರೆ ಚೀಲದ ಅಂಟು ಬಿಡಬಹುದು. ಬಿಟ್ಟರೆ... ಅದನ್ನು ಇಲ್ಲಿಯೂ ಬರೆಯಲಾರೆ.

ಜನವರಿ ೮, ಗುರುವಾರ

ನನ್ನ ಪಾಲಿಗೆ ಮೂವರು ಹೊಸಬರು. ಒಬ್ಬರು ಬ್ಯಾಂಕಿನವರು, ಗೇರು ಬದಲಿಸುವಾಗಲೂ ಮೇಲಧಿಕಾರಿಯ ಒಪ್ಪಿಗೆಗೆ ಕಾಯುವವರ ಹಾಗೆ ತಡೆಯುತ್ತಾರೆ. ಒಬ್ಬಳು ಕಾಲೇಜು ಹುಡುಗಿ, ತಡೆಯುವುದೇ ಇಲ್ಲ. ಮೂರನೆಯವರು ಟೈಲರಮ್ಮ. ವಯಸ್ಸು ಐವತ್ತೆರಡು, ಮೂವತ್ತು ವರ್ಷದಿಂದ ಹೊಲಿಗೆ ಅಂಗಡಿ. ಶಾಲೆಗಳಿಗೆ ಸಮವಸ್ತ್ರ ಹೊಲಿದುಕೊಡುತ್ತಾರೆ. ಸಾಗಿಸಲು ಒಂದು ಹಳೆಯ ವ್ಯಾನ್ ಕೊಂಡಿದ್ದಾರೆ.

"ಡ್ರೈವರ್ ಇಟ್ಕೋಬಹುದಲ್ಲ ಅಮ್ಮಾ?" ಅಂದೆ.

"ಇಟ್ಕೋಬಹುದು. ಆಮೇಲೆ ಅವನು ಯಾವಾಗ ಬರ್ತಾನೆ ಅಂತ ಬಾಗಿಲಲ್ಲಿ ನಿಂತು ಕಾಯೋದಕ್ಕೆ ಇನ್ನೊಬ್ಬನ್ನ ಇಟ್ಕೋಬೇಕು. ನೀವು ಕಲಿಸಿ ಮೇಷ್ಟ್ರೇ."

ಎಲ್ಲರಿಗೂ ಕಲಿಸುವ ಹಾಗೆ ಅವರಿಗೂ ಪ್ರಾಸದಲ್ಲೇ ಶುರು ಮಾಡಿದೆ:

ಮೆಲ್ಲಗೆ ಬಿಟ್ಟರೆ ಕ್ಲಚ್ಚು, ಗಾಡಿಗೆ ನಿಮ್ಮ ಮೇಲೆ ಹುಚ್ಚು;
ರಪ್ಪನೆ ಬಿಟ್ಟರೆ ಕ್ಲಚ್ಚು, ಹಿಂದಿನವನ ಕಣ್ಣಲ್ಲಿ ಕಿಚ್ಚು.

"ಈ ಪದ್ಯ ಪರೀಕ್ಷೇಲಿ ಕೇಳ್ತಾರಾ?"

"ಇಲ್ಲ."

"ಹಾಗಾದ್ರೆ ಬ್ರೇಕ್ ಯಾವುದು ಹೇಳಿ."

ನಾಲ್ಕೂ ಕಿಟಕಿ ಪೂರ್ತಿ ಇಳಿಸಿಯೇ ಇಟ್ಟಿದ್ದೇನೆ. ಧೂಳು ಬರುತ್ತದೆ ಎಂದು ಬ್ಯಾಂಕಿನವರು ಮೂಗು ಮುಚ್ಚಿಕೊಂಡರು. ಮುಚ್ಚಿಕೊಂಡದ್ದು ಧೂಳಿಗೋ, ಬೀಗರಿಗೋ? ಮನೆಗೆ ಬಂದು ಮೂರು ಸಲ ಸೋಪು ಹಾಕಿ ತೊಳೆದುಕೊಂಡೆ.

ಜನವರಿ ೧೯, ಸೋಮವಾರ

ಉಪಾಯ ಹೊಳೆದಿದೆ. ಒಳಗೆ ಏನೂ ಹೋಗದಿದ್ದರೆ ಹೊರಗೆ ಬರುವುದು ಎಲ್ಲಿಂದ? ಬೆಳಿಗ್ಗೆ ತಿಂಡಿ ಇಲ್ಲ, ಮಧ್ಯಾಹ್ನ ಊಟ ಇಲ್ಲ. ಸಂಜೆ ಮನೆಗೆ ಬಂದು ಎರಡನ್ನೂ ಸೇರಿಸಿ ಒಂದೇ ಸಲ.

ಕಿಟಕಿ ನಾಲ್ಕೂ ತೆರೆದು ಇಟ್ಟೆ,
ಊಟ ತಿಂಡಿ ಎರಡೂ ಬಿಟ್ಟೆ.

ಮಲಗುವುದನ್ನೂ ಹಾಲಿನ ಸೋಫಾಕ್ಕೆ ವರ್ಗಾಯಿಸಿಕೊಂಡಿದ್ದೇನೆ. "ನನಗೇನೂ ತೊಂದರೆ ಇಲ್ಲ ಕಣ್ರೀ" ಅಂದಳು ಇವಳು. ತೊಂದರೆ ಇರುವವರೂ ಹೇಳುವುದು ಅದನ್ನೇ.

ಜನವರಿ ೨೯, ಗುರುವಾರ

ಉಪವಾಸಕ್ಕೆ ಬೀಗರು ಜಗ್ಗಲಿಲ್ಲ. ದೊಡ್ಡ ಸಿಗ್ನಲ್ಲಿನಲ್ಲಿ ಟೈಲರಮ್ಮ ಎಂಜಿನ್ ಆರಿಸಿದ್ದರು. ಸುತ್ತ ಯಾವ ಹಾರನ್ನೂ ಇಲ್ಲದ, ವರ್ಷಕ್ಕೊಮ್ಮೆ ಸಿಗುವಂಥ ನಿಶ್ಶಬ್ದ. ಬೀಗರು ಅದಕ್ಕೇ ಕಾದಿದ್ದರು. ನಲ್ಲಿಯಲ್ಲಿ ನೀರು ಬರುವ ಮುಂಚೆ ಕೊಳವೆ ಗೊಳಗೊಳ ಅನ್ನುತ್ತದಲ್ಲ, ಆ ಸದ್ದು, ಅದೂ ಎಳೆದು ಎಳೆದು.

ಕೆಮ್ಮಿದೆ. ಸಾಲದೆಂದು, "ಈ ಗಾಡೀನ ರಿಪೇರಿಗೆ ಕೊಡ್ಬೇಕು" ಅಂದೆ. ಟೈಲರಮ್ಮ ಕರವಸ್ತ್ರ ತೆಗೆದು ಕುತ್ತಿಗೆ ಒರೆಸಿಕೊಂಡು ಬಾಗಿಲ ಕಡೆಗೆ ಸರಿದು ಕುಳಿತರು. ಸರಿದದ್ದು ಒಂದಿಂಚು. ನನಗೆ ಅಷ್ಟು ಸಾಕಾಯಿತು.

ಸಂಜೆ ಟಿವಿಯಲ್ಲಿ ಯಾರೋ ಕಾರು ಓಡಿಸುತ್ತಿದ್ದರು. ಇವಳು ಅಡುಗೆಮನೆ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಅವರು ಅಲ್ಲಿ ಓಡಿಸಿದ್ರೆ ನೀವು ಇಲ್ಲಿ ನೆಲ ಯಾಕ್ರೀ ಒತ್ತುತೀರಾ? ಟೈಲ್ಸ್ ಒಡೆದೀತು" ಅಂದಳು. ಬಗ್ಗಿ ನೋಡಿದೆ. ಬಲಗಾಲು ನಿಜಕ್ಕೂ ಒತ್ತಿಕೊಂಡೇ ಇತ್ತು. ಹಸಿವಿಗೆ ನರ ಎಳೆದಿರಬೇಕು.

ಫೆಬ್ರವರಿ ೧೯, ಗುರುವಾರ

ಲೈಸೆನ್ಸ್ ಪರೀಕ್ಷೆ. ಮೂವರನ್ನೂ ಕರೆದುಕೊಂಡು ಹೋಗಿದ್ದೆ. ಪರೀಕ್ಷೆಯಲ್ಲಿ ನನ್ನ ಸೀಟಿನಲ್ಲಿ ಇನ್ಸ್‌ಪೆಕ್ಟರ್ ಕೂರುತ್ತಾರೆ. ಅವರು ಆ ಬ್ರೇಕನ್ನು ಒಂದೇ ಒಂದು ಸಲ ಒತ್ತಬೇಕಾಗಿ ಬಂದರೂ ಫೇಲು.

ಮೂವರೂ ಫೇಲು. ಮೂರು ಹಾಳೆಯಲ್ಲೂ ಒಂದೇ ಷರಾ: ಅಭ್ಯರ್ಥಿ ಬ್ರೇಕ್ ಹಾಕುವುದಿಲ್ಲ.

"ಮೇಷ್ಟ್ರೇ, ನಿಮ್ಮವರಿಗೆ ಗಾಡೀಲಿ ಬ್ರೇಕ್ ಇರೋದೇ ಗೊತ್ತಿಲ್ಲ" ಅಂದರು ಇನ್ಸ್‌ಪೆಕ್ಟರ್. "ಅಡ್ಡ ಏನಾದ್ರೂ ಬಂದ್ರೆ ಸಾಕು, ತಾನಾಗೇ ನಿಲ್ಲುತ್ತೆ ಅಂತ ಕೂತಿರ್ತಾರೆ. ಆ ಟೈಲರಮ್ಮ ಅಂತೂ ಬಲಗೈ ಎತ್ತಿ ಗಾಳೀಲಿ ಏನೋ ಹಿಡಿಯೋಕೆ ಹೋಗ್ತಾರೆ."

ಮೂವರನ್ನೂ ಅವರವರ ಮನೆಗೆ ಇಳಿಸಿದೆ.

ಮನೆಗೆ ಬಂದು ಕುಳಿತು ನೆನಪಿಸಿಕೊಂಡೆ. ಈ ಆರು ವಾರದಲ್ಲಿ ಈ ಮೂವರಲ್ಲಿ ಒಬ್ಬರಾದರೂ ತಾವೇ ಬ್ರೇಕ್ ಹಾಕಿದ್ದನ್ನು ಕಂಡಿದ್ದೇನೆಯೇ? ಪ್ರತಿ ತಿರುವಿನಲ್ಲಿ, ಪ್ರತಿ ಸಿಗ್ನಲ್ಲಿನಲ್ಲಿ, ಅವರ ಕಾಲು ಏಳುವ ಮೊದಲೇ ನನ್ನ ಕಾಲು ಮೆತ್ತಗೆ ಒತ್ತಿರುತ್ತಿತ್ತು. ಬೆಲ್ಟ್ ಬಿಗಿಯಬಾರದಲ್ಲ. ಕಾರು ಬೆಣ್ಣೆಯ ಹಾಗೆ ನಿಲ್ಲುತ್ತಿತ್ತು. ತಾವೇ ನಿಲ್ಲಿಸಿದೆವು ಎಂದು ಅವರು ಹಿಗ್ಗುತ್ತಿದ್ದರು. ಎಷ್ಟು ಬೇಗ ಕಲಿತರಲ್ಲ ಎಂದು ನಾನೂ ಹಿಗ್ಗುತ್ತಿದ್ದೆ.

ಇವತ್ತು ಪ್ರಾಸ ಇಲ್ಲ.

ಫೆಬ್ರವರಿ ೨೦, ಶುಕ್ರವಾರ

ಮಾಲೀಕರು ಬಯ್ಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಆಫೀಸಿನ ಮೂಲೆಯಲ್ಲಿ ಪ್ಲಾಸ್ಟಿಕ್ ಹೊದಿಕೆ ಇನ್ನೂ ತೆಗೆಯದ ಚಕ್ರದ ಕುರ್ಚಿಯೊಂದು ಬಂದು ನಿಂತಿತ್ತು.

"ಮೇಷ್ಟ್ರೇ, ಬಿಸಿಲಲ್ಲಿ ಸುತ್ತಿದ್ದು ಸಾಕು. ಇಲ್ಲಿ ಆರಾಮಾಗಿ ಕೂತ್ಕೊಂಡು ಅರ್ಜಿ ತುಂಬಿಸ್ಕೊಂಡಿರಿ, ಫೋಟೋ ಅಂಟಿಸ್ಕೊಂಡಿರಿ. ನಿಮ್ಮ ಆರೋಗ್ಯ ಮುಖ್ಯ." ಹೇಳುವಾಗ ಅವರ ಕಣ್ಣು ಒದ್ದೆಯಾಗಿತ್ತು. ಯಾಕೆ ಎಂದು ತಿಳಿಯಲಿಲ್ಲ.

ಕುರ್ಚಿಗೂ ಚಕ್ರವಿದೆ, ನಿಜ. ಓಡುವುದು ಮೇಜಿನಿಂದ ಕಪಾಟಿನವರೆಗೆ.

ಫೆಬ್ರವರಿ ೨೧, ಶನಿವಾರ

ಹನ್ನೊಂದು ಫೋಟೋ ಅಂಟಿಸಿದೆ.

ಫೆಬ್ರವರಿ ೨೪, ಮಂಗಳವಾರ

ಟೈಲರಮ್ಮ ಮರುಪರೀಕ್ಷೆಯ ಅರ್ಜಿಗೆ ಬಂದರು. ಮೇಜಿನ ಈಚೆ ನನ್ನನ್ನು ಕಂಡು, "ಇದೇನು ಮೇಷ್ಟ್ರೇ, ನಿಮ್ಮನ್ನೂ ಫೇಲ್ ಮಾಡಿದ್ರಾ?" ಅಂದರು. ಹೌದು ಅಂದೆ.

ಅರ್ಜಿಯಲ್ಲಿ "ಹಿಂದಿನ ಪರೀಕ್ಷೆಯಲ್ಲಿ ಅನುತ್ತೀರ್ಣರಾಗಲು ಕಾರಣ" ಎಂಬ ಖಾನೆ ಇದೆ. ಏನು ಬರೆಯಲಿ ಎಂದು ಕೇಳಿದೆ.

"ಬರ್ಕೊಳ್ಳಿ. ಮೇಷ್ಟ್ರಿಗೆ ನನ್ನ ವಾಸನೆ ಆಗೋದಿಲ್ಲ."

ಪೆನ್ನು ನಿಂತಿತು.

"ಮತ್ತಿನ್ನೇನು? ನಾನು ಹತ್ತಿದ ಕೂಡ್ಲೇ ನಾಲ್ಕೂ ಕಿಟಕಿ ಇಳಿಸ್ತೀರಿ. ಮುಖ ಆಚೆ ತಿರುಗಿಸಿ ಕೂರ್ತೀರಿ. ಹೊಟ್ಟೆ ಹಿಡ್ಕೊಂಡು, ಈಗ ವಾಂತಿ ಮಾಡ್ತಾರೇನೋ ಅನ್ನೋ ಹಾಗೆ. ಅಂಗಡೀಲಿ ಇಡೀ ದಿನ ಇಸ್ತ್ರಿ ಪೆಟ್ಟಿಗೆ ಮುಂದೆ ನಿಲ್ಲೋಳು ನಾನು, ಬೆವರೋದಿಲ್ವಾ? ನಿಮ್ಮ ಕ್ಲಾಸಿಗೆ ಅಂತ ದಿನಾ ಎರಡನೇ ಸಲ ಸ್ನಾನ ಮಾಡ್ಕೊಂಡು ಬರ್ತಿದ್ದೆ. ಆದ್ರೂ ಕಿಟಕಿ ಇಳಿಸ್ತಿದ್ರಿ. ಸರಿ, ನಾನೇ ದೂರ ಕೂರೋಣ ಅಂತ ಬಾಗಿಲಿಗೆ ಅಂಟ್ಕೊಂಡು ಓಡಿಸ್ದೆ. ಹಾಗೆ ಕೂತ್ರೆ ಬ್ರೇಕ್ ಎಲ್ಲಿ ಸಿಗುತ್ತೆ?"

ಪೆನ್ನು ಕೆಳಗಿಟ್ಟೆ. ನಾನು ಮೂರು ಸಲ ಸೋಪು ಹಾಕಿಕೊಂಡು, ಅವರು ಎರಡು ಸಲ ಸ್ನಾನ ಮಾಡಿಕೊಂಡು, ಊರಿಗೇ ಸ್ವಚ್ಛವಾದ ಇಬ್ಬರು ಒಂದು ಕಾರಿನಲ್ಲಿ ಒಬ್ಬರಿಗೊಬ್ಬರು ನಾಚಿಕೊಂಡು ಕುಳಿತಿದ್ದೆವು.

ಆಫೀಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಹೇಳಿದೆ. ಗಡ್ಡೆ, ಕರುಳು, ಚೀಲ, ಬೆಲ್ಟು, ನನ್ನ ಕಾಲು. ಬೀಗರ ಹೆಸರನ್ನೂ ಹೇಳಿಬಿಟ್ಟೆ, ಬಾಯಿ ತಪ್ಪಿ.

ಟೈಲರಮ್ಮ ಕುರ್ಚಿ ಎಳೆದುಕೊಂಡು ಕುಳಿತರು. ಮೊದಲು ಸಿಟ್ಟು ಬಂತು. "ಅಂದ್ರೆ ಆರು ವಾರ ನಾನು ಓಡಿಸ್ದೆ ಅಂದ್ಕೊಂಡಿದ್ದು ನೀವು ಓಡಿಸಿದ್ದಾ?" ಆಮೇಲೆ ನಗು ಬಂತು. "ಬೀಗರಂತೆ! ಆವತ್ತು ಸಿಗ್ನಲ್ಲಲ್ಲಿ ಮಾತಾಡಿದ್ದು ಅವರೇನಾ? ನನ್ನಿಂದ ಗಾಡಿ ಕೆಟ್ಟುಹೋಯ್ತು ಅಂತ ಎಷ್ಟು ಹೆದರಿದ್ದೆ!" ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಜೊತೆಗೆ ನಾನೂ. ಬೀಗರು ಅಲುಗಾಡಿದರು.

ನಗು ನಿಂತ ಮೇಲೆ ಕೇಳಿದೆ. "ಪರೀಕ್ಷೇಲಿ ಬಲಗೈ ಯಾಕಮ್ಮಾ ಎತ್ತುತೀರಿ?"

"ಮೆಷಿನ್ ನಿಲ್ಸೋದು ಹಾಗೇ ಅಲ್ವಾ? ಕಾಲು ತುಳೀತಿರುತ್ತೆ, ನಿಲ್ಸಬೇಕು ಅಂದ್ರೆ ಬಲಗೈ ಮೇಲಿನ ಚಕ್ರದ ಮೇಲೆ ಇಡೋದು. ಮೂವತ್ತು ವರ್ಷ. ಓಡ್ಸೋದು ಕಾಲು, ನಿಲ್ಸೋದು ಕೈ."

ಒಬ್ಬರಿಗೆ ಬೇಡದ ಕಡೆ ಕಾಲು, ಇನ್ನೊಬ್ಬರಿಗೆ ಬೇಡದ ಕಡೆ ಕೈ. ಇಬ್ಬರೂ ಎದ್ದು ಮಾಲೀಕರ ಕೋಣೆಗೆ ಹೋದೆವು. "ನನಗೆ ಇವರೇ ಕಲಿಸ್ಬೇಕು" ಅಂದರು ಟೈಲರಮ್ಮ. ಮಾಲೀಕರು ಕ್ಯಾಲೆಂಡರ್ ನೋಡಿದರು. "ಏಪ್ರಿಲ್ ಏಳಕ್ಕೆ ಪರೀಕ್ಷೆ. ಅಲ್ಲೀವರೆಗೆ ಇವರೊಬ್ರಿಗೆ ಕಲಿಸಿ. ಪಾಸಾದ್ರೆ ಸೀಟು ನಿಮ್ದು. ಇಲ್ಲಾಂದ್ರೆ ಕುರ್ಚಿ. ಆಮೇಲೆ ಮಾತಿಲ್ಲ."

ಮಾರ್ಚ್ ೨, ಸೋಮವಾರ

ಊರಾಚೆಯ ಖಾಲಿ ಮೈದಾನ. ನನ್ನ ಕಾಲನ್ನು ನಂಬುವ ಹಾಗಿಲ್ಲ. ಆದ್ದರಿಂದ ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತೆ. ಬೇಲಿ ಪಕ್ಕ ಹುಲ್ಲು ಕೊಯ್ಯುತ್ತಿದ್ದವರು ಕೆಲಸ ನಿಲ್ಲಿಸಿ ನೋಡಿದರು.

"ನಿಲ್ಸಿ" ಅಂದೆ. ಟೈಲರಮ್ಮನ ಬಲಗೈ ಸ್ಟೀರಿಂಗ್ ಬಿಟ್ಟು ಕಿಟಕಿಯ ಹತ್ತಿರ ಇಲ್ಲದ ಚಕ್ರವನ್ನು ಹಿಡಿಯಿತು. ಕಾರು ತನ್ನ ಪಾಡಿಗೆ ಹೋಗುತ್ತಲೇ ಇತ್ತು. ನಾನು ಮೇಲಿಂದ "ಕಾಲು! ಕಾಲು!" ಎಂದು ಕೂಗಿದೆ. ಅವರು "ಯಾರ್ದು?" ಎಂದು ಕೂಗಿದರು.

ಇಪ್ಪತ್ತೆಂಟು ಸಲ ಪ್ರಯತ್ನ. ಅವರು ಬ್ರೇಕ್ ಹಾಕಿದ್ದು ನಾಲ್ಕು ಸಲ. ನಾಲ್ಕು ಸಲವೂ ನನ್ನ ಹೊಟ್ಟೆಯ ಮೇಲೆ ಬೆಲ್ಟ್ ಕಚ್ಚಿತು, ನಾಲ್ಕು ಸಲವೂ ಜೀವ ಬಾಯಿಗೆ ಬಂತು. ಬೀಗರಿಗೆ ಏನೂ ಆಗಲಿಲ್ಲ. ಅವರದು ಗಟ್ಟಿ ಪಿಂಡ.

ಓಡ್ಸೋದೂ ಕಾಲು, ನಿಲ್ಸೋದೂ ಕಾಲು;
ಕೈಗೆ ಇದರಲ್ಲಿ ಇಲ್ಲ ಪಾಲು.

"ಇದು ಚೆನ್ನಾಗಿದೆ" ಅಂದರು. ನನ್ನ ಪ್ರಾಸಕ್ಕೆ ಅವರಿಂದ ಸಿಕ್ಕ ಮೊದಲ ಶಹಬಾಸ್‌ಗಿರಿ.

ಮಾರ್ಚ್ ೫, ಗುರುವಾರ

ಆಸ್ಪತ್ರೆಗೆ ತೋರಿಸಿಕೊಳ್ಳಲು ಹೋಗಿದ್ದೆ. ಉಪವಾಸದ ಉಪಾಯವನ್ನು ಸ್ವಲ್ಪ ಹೆಮ್ಮೆಯಿಂದಲೇ ಹೇಳಿದೆ. ನರ್ಸಮ್ಮ ಕೈಯಲ್ಲಿದ್ದ ಕಡತ ಕೆಳಗಿಟ್ಟರು.

"ಹೊಟ್ಟೆ ಖಾಲಿ ಇದ್ರೆ ಒಳಗೆ ಗಾಳಿ ಇನ್ನೂ ಜಾಸ್ತಿ. ಸದ್ದೂ ಜಾಸ್ತಿ. ಹೊತ್ತಿಗೆ ಸರಿಯಾಗಿ ಸ್ವಲ್ಪ ಸ್ವಲ್ಪ ತಿನ್ನಿ. ಚೀಲ ಸರಿಯಾಗಿ ಅಂಟಿದ್ರೆ ವಾಸನೆ ಹೊರಗೆ ಬರೋದಿಲ್ಲ. ನಿಮ್ಮ ಹತ್ರ ಕೂತು ಹತ್ತು ನಿಮಿಷ ಆಯ್ತು, ನನಗೇನಾದ್ರೂ ಬಂತಾ?"

ಒಂದೂವರೆ ತಿಂಗಳ ಉಪವಾಸ ವ್ಯರ್ಥ. ಪುಣ್ಯವೂ ಬರಲಿಲ್ಲ.

ಮಾರ್ಚ್ ೧೧, ಬುಧವಾರ

ಕ್ಲಾಸಿಗೆ ಮುಂಚೆ ಟೈಲರಮ್ಮನ ಅಂಗಡಿಗೆ ಹೋದೆ. ಕಪಾಟಿನ ತುಂಬ ನೀಲಿ ಚಡ್ಡಿ, ಬಿಳಿ ಷರಟು. ಅವರು ಮೆಷಿನ್ ಮುಂದೆ ಬಲಗೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡು ಕುಳಿತಿದ್ದರು! ಎಡಗೈಯಲ್ಲಿ ಹಳೇ ಬಟ್ಟೆಯ ತುಂಡು ದೂಡುತ್ತ, ಕಾಲಿಂದಲೇ ಓಡಿಸಿ, ಹಿಮ್ಮಡಿ ಒತ್ತಿ ಕಾಲಿಂದಲೇ ನಿಲ್ಲಿಸುವ ಅಭ್ಯಾಸ. ನೆಲದ ತುಂಬ ತುಂಡಾದ ದಾರ.

"ಒಂದು ವಾರದಲ್ಲಿ ಐದು ಸೂಜಿ ಹೋಯ್ತು" ಅಂದರು. "ಗುಂಡಿ ಹಚ್ಚೋ ಹುಡುಗಿ, ಅಮ್ಮಂಗೆ ಕೈ ಮುರಿದಿದೆ ಅಂತ ಬೀದಿಗೆಲ್ಲ ಹೇಳ್ಕೊಂಡು ಬಂದಿದ್ದಾಳೆ."

ಆಮೇಲೆ ಮೇಜಿನ ಕೆಳಗಿಂದ ಒಂದು ವಸ್ತು ತೆಗೆದು ಕೊಟ್ಟರು. ಮೆತ್ತನೆಯ ಬಟ್ಟೆ ಸುತ್ತಿ ಹೊಲಿದ ಸಿಂಬೆ, ಕೊಡ ಹೊರುವಾಗ ತಲೆಯ ಮೇಲೆ ಇಟ್ಟುಕೊಳ್ಳುವಂಥದ್ದು, ಆದರೆ ಅಂಗೈಯಗಲ. ನಡುವಿನ ತೂತಿನಲ್ಲಿ ಬೀಗರು ಕೂರಬೇಕು. ಬೆಲ್ಟಿನ ಭಾರ ಸುತ್ತಲಿನ ಸಿಂಬೆಯ ಮೇಲೆ.

"ಅಳತೆ ತಗೊಳ್ದೆ ಹೇಗೆ ಹೊಲಿದ್ರಿ?"

"ಮೂವತ್ತು ವರ್ಷದಿಂದ ಊರಿನ ಹೊಟ್ಟೆ ನೋಡ್ತಿದ್ದೀನಿ. ಹಾ, ನಿಮ್ಮ ಪ್ಯಾಂಟ್ ಕೊಟ್ಟು ಹೋಗಿ. ಸೊಂಟದ ಪಟ್ಟಿ ತಪ್ಪು ಜಾಗದಲ್ಲಿ ಕೂತಿದೆ, ಎರಡು ಬೆರಳು ಎತ್ತರಿಸ್ಬೇಕು."

"ಈಗಲೇ?"

"ಈಗಲೇ ಕೊಟ್ರೆ ಮನೆಗೆ ಹೇಗೆ ಹೋಗ್ತೀರಿ? ನಾಳೆ ತನ್ನಿ."

ಫೋನ್ ಮಾಡಿ ನರ್ಸಮ್ಮನನ್ನು ಕೇಳಿದೆ. ಬಿಗಿಯಾಗಿ ಒತ್ತದಿದ್ದರೆ ಧಾರಾಳವಾಗಿ ಇಟ್ಟುಕೊಳ್ಳಿ ಅಂದರು. "ಇನ್ನೊಂದು ನಾಲ್ಕು ಹೊಲಿದು ಕೊಡ್ತಾರಾ ಕೇಳಿ, ಇಲ್ಲಿ ಬೇಕಾದವರಿದ್ದಾರೆ."

ಮಾರ್ಚ್ ೧೮, ಬುಧವಾರ

ಆಗಬಾರದ್ದು ಆಯಿತು.

ಇವತ್ತು ಮೊದಲ ಸಲ ಮೈದಾನ ಬಿಟ್ಟು ಪೇಟೆಯ ರಸ್ತೆಗೆ ಬಂದಿದ್ದೆವು. ಬೆಳಿಗ್ಗೆ ಅವಸರದಲ್ಲಿ ಚೀಲವನ್ನು ಒದ್ದೆ ಚರ್ಮದ ಮೇಲೆ ಅಂಟಿಸಿದ್ದೆ. ತಪ್ಪು ನನ್ನದೇ, ಬೆಲ್ಟಿನದಲ್ಲ, ಯಾರ ಬ್ರೇಕಿನದೂ ಅಲ್ಲ. ಬಸ್ ನಿಲ್ದಾಣದ ಮುಂದೆ ಹೊಟ್ಟೆಯ ಮೇಲೆ ಬೆಚ್ಚಗಾಯಿತು. ಅಂಟು ಬಿಟ್ಟಿತ್ತು. ಷರಟು ಒದ್ದೆಯಾಗುತ್ತ ಬಂತು. ಈ ಸಲ ವಾಸನೆ ನಿಜವಾಗಿಯೂ ಬಂತು.

ಎರಡೂ ಕೈಯಲ್ಲಿ ಹೊಟ್ಟೆ ಅದುಮಿಕೊಂಡು ಮೊಣಕಾಲು ಮಡಿಚಿ ಮುದುಡಿ ಕುಳಿತೆ. "ಅಮ್ಮಾ..." ಎಂದೆ.

ಅವರು ಒಂದು ಸಲ ತಿರುಗಿ ನೋಡಿದರು. "ಮನೆ ಯಾವ ಕಡೆ?"

"ಎಡಕ್ಕೆ. ಆಮೇಲೆ ನೇರ."

"ಆಯ್ತು. ನೀವು ಹೊಟ್ಟೆ ನೋಡ್ಕೊಳ್ಳಿ, ನಾನು ರಸ್ತೆ ನೋಡ್ಕೊಳ್ತೀನಿ. ಮಕ್ಕಳನ್ನ ಸಾಕಿದೋಳು ನಾನು, ಇದೆಲ್ಲ ನನಗೇನು ಹೊಸದಲ್ಲ." ಹಿಂದಿನ ಸೀಟಿನಲ್ಲಿದ್ದ ಸಮವಸ್ತ್ರದ ಬಟ್ಟೆಯ ಸುರುಳಿಯನ್ನು ಒಂದೇ ಕೈಯಲ್ಲಿ ಎಳೆದು ನನ್ನ ಮಡಿಲಿಗೆ ಎಸೆದರು. "ಸುತ್ಕೊಳ್ಳಿ. ಹೊಸಾದು, ಪರವಾಗಿಲ್ಲ."

ಬಾಗಿಲು ತೆರೆದವಳು ಇವಳು. ಬಚ್ಚಲುಮನೆಗೆ ಕರೆದುಕೊಂಡು ಹೋದಳು. ಅರ್ಧ ಗಂಟೆಯ ಮೇಲೆ ಬಟ್ಟೆ ಬದಲಿಸಿ ಹೊರಗೆ ಬಂದೆ. ಹಾಲಿನಲ್ಲಿ ಟೈಲರಮ್ಮನೂ ಇವಳೂ ಚಹಾ ಕುಡಿಯುತ್ತ ಪರದೆಯ ಬಟ್ಟೆಯ ಬಗ್ಗೆ ಮಾತಾಡುತ್ತಿದ್ದರು. ಲೋಕ ಮುಳುಗಿರಲಿಲ್ಲ. ನನ್ನ ಚಹಾ ಆರಿತ್ತು, ಅಷ್ಟೇ.

ಇಷ್ಟು ಬರೆಯುವಾಗ ಒಂದು ಹೊಳೆಯಿತು. ಬಸ್ ನಿಲ್ದಾಣದಿಂದ ನಮ್ಮ ಮನೆಗೆ ಮೂರು ಸಿಗ್ನಲ್ಲು, ಎರಡು ಉಬ್ಬು, ಒಂದು ಶಾಲೆಯ ಗೇಟು. ನನ್ನ ಕಾಲು ಸೀಟಿನ ಮೇಲಿತ್ತು. ಅಂದರೆ ಆ ಆರೂ ಕಡೆ ಕಾರು ನಿಲ್ಲಿಸಿದ್ದು ಯಾರು?

ಮಾರ್ಚ್ ೨೦, ಶುಕ್ರವಾರ

ಮಾಲೀಕರಿಗೆ ನಾನೇ ಹೇಳಿದೆ, ನಿಂತುಕೊಂಡೇ, ಒಂದೇ ಉಸಿರಿಗೆ. ಅವರು ಬಾಯಿ ತೆರೆದುಕೊಂಡು ಕೇಳಿದರು.

"ಅಯ್ಯೋ ಪುಣ್ಯಾತ್ಮ, ಅಷ್ಟೇನಾ? ಗಡ್ಡೆ ಅಂದ್ರಿ, ಊಟ ಬಿಟ್ರಿ, ದಿನೇ ದಿನೇ ಇಳಿದುಹೋದ್ರಿ. ನಾನು ಇನ್ನಾರು ತಿಂಗಳು ಅಂದ್ಕೊಂಡುಬಿಟ್ಟಿದ್ದೆ! ನಿಮ್ಮ ಮನೆಯವರ ಫೋನ್ ಬಂದಾಗೆಲ್ಲ ಎದೆ ಧಸಕ್ ಅನ್ನೋದು. ಕೊನೇ ದಿನಗಳಲ್ಲಾದ್ರೂ ಆರಾಮಾಗಿ ಕೂತ್ಕೊಳ್ಳಲಿ ಅಂತ ಆ ಕುರ್ಚಿ ತಂದೆ ಕಣ್ರೀ!"

ನನ್ನ ತಿಥಿಯನ್ನೂ ಗೊತ್ತು ಮಾಡಿದ್ದರೋ ಏನೋ, ಕೇಳಲಿಲ್ಲ.

"ಹಾಗಾದ್ರೆ ಪರೀಕ್ಷೆ ಮಾತು ಬಿಟ್ಟುಬಿಡೋಣ್ವಾ?" ಅಂದೆ.

"ಅದ್ಹೇಗೆ? ಚೀಲ ಇರಲಿ, ಇಲ್ಲದಿರಲಿ, ಮೂವರು ಫೇಲಾದದ್ದು ನಿಜ ತಾನೆ? ಮಾತು ಮಾತೇ. ಬೇಕಾದ್ರೆ ಬ್ಯಾಂಕಿನವರನ್ನೂ ವಾಪಸ್ ಕೊಡ್ತೀನಿ, ಕಲಿಸಿ."

ಆರು ತಿಂಗಳಲ್ಲಿ ಒಬ್ಬರು ನನ್ನ ಜೊತೆ ಹೀಗೆ ಕಟ್ಟುನಿಟ್ಟಾಗಿ ಮಾತಾಡಿದ್ದು ಇದೇ ಮೊದಲು. ಮನೆಗೆ ಶಿಳ್ಳೆ ಹೊಡೆದುಕೊಂಡು ಬಂದೆ.

ಮಾರ್ಚ್ ೩೦, ಸೋಮವಾರ

ಕೆಲಸ ಬಹಳ, ಬರೆಯಲು ಪುರುಸೊತ್ತಿಲ್ಲ. ಬ್ಯಾಂಕಿನವರಿಗೆ ಮೊದಲ ದಿನವೇ, "ಕನ್ನಡಿ ಸರಿ ಮಾಡ್ಕೊಳ್ಳಿ, ಬೆಲ್ಟ್ ಹಾಕ್ಕೊಳ್ಳಿ, ನನ್ನ ಹೊಟ್ಟೆ ಮೇಲೆ ಒಂದು ಚೀಲ ಇದೆ, ಆಗಾಗ ಸದ್ದು ಮಾಡುತ್ತೆ, ಗೇರು ಹಾಕಿ" ಅಂದೆ. ಅವರು ಒಂದು ಕ್ಷಣ ತಡೆದು, ತಮಗೂ ಹತ್ತು ವರ್ಷದಿಂದ ಸಕ್ಕರೆ ಕಾಯಿಲೆ, ದಿನಾ ಶೌಚಾಲಯದಲ್ಲಿ ಅಡಗಿ ಇಂಜೆಕ್ಷನ್ ಚುಚ್ಚಿಕೊಳ್ಳುತ್ತೇನೆ ಎಂದರು. ಇಲ್ಲೇ ಚುಚ್ಚಿಕೊಳ್ಳಿ ಅಂದೆ. ಎಂಜಿನ್ ಮಾತ್ರ ಆರಿಸಿ.

ಸೋಫಾದಲ್ಲಿ ಬೆನ್ನು ಹಿಡಿಯುತ್ತದೆ ಎಂದು ಹೋದ ವಾರವೇ ಮಂಚಕ್ಕೆ ಮರಳಿದೆ. ಇವಳು ನನ್ನ ದಿಂಬಿನ ಚೀಲ ಬದಲಿಸಿದ್ದಳು.

ಏಪ್ರಿಲ್ ೭, ಮಂಗಳವಾರ

ಬೆಳಿಗ್ಗೆ ಹೊಟ್ಟೆ ತುಂಬ ತಿಂದು ಹೊರಟೆ. ಮಾಲೀಕರೂ ಬಂದಿದ್ದರು. ಟೈಲರಮ್ಮ ಸ್ಟೀರಿಂಗ್ ಹಿಡಿದು ಕುಳಿತರು, ನನ್ನ ಸೀಟಿನಲ್ಲಿ ಇನ್ಸ್‌ಪೆಕ್ಟರ್. ನಾವಿಬ್ಬರು ಗೇಟಿನ ಬಳಿ ನಿಂತೆವು. ಅಲ್ಲಿಂದ ರಸ್ತೆ ತಿರುವಿನವರೆಗೆ ಕಾಣುತ್ತದೆ.

ಕಾರು ಹೊರಟಿತು. ಕ್ಲಚ್ಚು ಮೆಲ್ಲಗೆ ಬಂತು. ಒಂದು, ಎರಡು, ಮೂರನೇ ಗೇರು. ತಿರುವು ಇನ್ನು ಇಪ್ಪತ್ತು ಅಡಿ ಇದೆ ಎನ್ನುವಾಗ ಓಣಿಯೊಳಗಿಂದ ಉದ್ದುದ್ದ ಪೈಪು ಹೇರಿದ ಕೈಗಾಡಿಯೊಂದು ಅಡ್ಡ ಬಂತು. ತಳ್ಳುವವನು ಪೈಪಿನ ಹಿಂದೆ. ಅವನಿಗೆ ರಸ್ತೆಯೇ ಕಾಣುತ್ತಿರಲಿಲ್ಲ.

ಮಾಲೀಕರು ನನ್ನ ತೋಳು ಹಿಡಿದರು.

ಕಾರಿನ ಮೂತಿ ಬಾಗಿತು. ಹಿಂದೆ ಕೆಂಪು ದೀಪ ಹತ್ತಿತು. ಕಾರು ನಿಂತಿತು, ಪೈಪಿಗೂ ಗಾಜಿಗೂ ಒಂದು ಮೊಳ ಬಿಟ್ಟು.

ಆದರೆ ಒತ್ತಿದ್ದು ಯಾರು? ಯಾವ ಕಾಲು ಒತ್ತಿದರೂ ಹತ್ತುವುದು ಅದೇ ದೀಪ. ಇನ್ಸ್‌ಪೆಕ್ಟರ್ ಬರೆಯಲು ತಲೆ ಬಗ್ಗಿಸಿದ್ದು ಹಿಂದಿನ ಗಾಜಿನಲ್ಲಿ ಕಂಡಿತು. ಕೈಗಾಡಿ ದಾಟಿತು. ಕಾರು ಮತ್ತೆ ಹೊರಟು ತಿರುವಿನಲ್ಲಿ ಮರೆಯಾಯಿತು.

ಹನ್ನೊಂದು ನಿಮಿಷ. ಮಾಲೀಕರು ಅಷ್ಟರಲ್ಲಿ ಎರಡು ಸಲ ಮುಖ ಒರೆಸಿಕೊಂಡರು. ನಾನು ನನ್ನ ಕಾಲನ್ನು ನೋಡಿಕೊಂಡೆ. ಅದು ಸುಮ್ಮನೆ ನೆಲದ ಮೇಲಿತ್ತು, ಪಾದರಕ್ಷೆ ಅರ್ಧ ಬಿಚ್ಚಿಕೊಂಡು.

ಕಾರು ಬಂದು ನಿಂತಿತು. ಇನ್ಸ್‌ಪೆಕ್ಟರ್ ಇಳಿದು ಹಾಳೆಯನ್ನು ನನ್ನ ಕೈಗೇ ಕೊಟ್ಟರು. "ನನ್ನ ಕಾಲಿಗೆ ಇವತ್ತು ಕೆಲಸವೇ ಕೊಡ್ಲಿಲ್ಲ ನಿಮ್ಮ ಟೈಲರಮ್ಮ. ಆ ಕೈಗಾಡಿ ಬಂದಾಗ ನಾನಿನ್ನೂ ಕನ್ನಡಕ ಸರಿ ಮಾಡ್ಕೋತಿದ್ದೆ, ಅಷ್ಟರಲ್ಲಿ ನಿಲ್ಸಿ, ಪಕ್ಕದ ಕನ್ನಡಿ ಬೇರೆ ನೋಡ್ತಿದ್ರು."

ಹಾಳೆಯ ಮೇಲೆ: ಉತ್ತೀರ್ಣ.

"ಮೇಷ್ಟ್ರೇ!" ಟೈಲರಮ್ಮ ಬಾಗಿಲು ತೆರೆಯುವ ಮೊದಲೇ ಕೂಗಿದರು. "ಕೈ ಎತ್ಲಿಲ್ಲ! ಎರಡೂ ಇಲ್ಲೇ ಇತ್ತು, ಇಲ್ಲೇ!" ಸ್ಟೀರಿಂಗಿಗೆ ಎರಡೂ ಕೈಯಲ್ಲಿ ಬಡಿದರು. ಹಾರನ್ ಹೊಡೆದುಕೊಂಡಿತು. ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿದರು. ನಾನು ಏನು ಮಾಡಿದೆ ಎಂದು ಸರಿಯಾಗಿ ನೆನಪಿಲ್ಲ. ಕುಣಿದೆ ಎಂದು ಮಾಲೀಕರು ಹೇಳುತ್ತಾರೆ.

ಅವರೇ ಗಂಟಲು ಸರಿ ಮಾಡಿಕೊಂಡು, "ನಾಳೆ ಎಂಟಕ್ಕೆ ಇಬ್ಬರು ಹೊಸಬರು ಬರ್ತಾರೆ ಮೇಷ್ಟ್ರೇ. ತಡ ಮಾಡ್ಬೇಡಿ" ಅಂದರು.

ವಾಪಸು ಬರುವಾಗ ತಾವೇ ಓಡಿಸುವುದಾಗಿ ಟೈಲರಮ್ಮ ಹಟ ಹಿಡಿದರು. ಪಕ್ಕದ ಸೀಟಿನಲ್ಲಿ ಮಾಲೀಕರು ಕುಳಿತರು, ಬಾಗಿಲ ಹಿಡಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು. ನಾನು ಹಿಂದೆ. ಬಿಸಿಲಿತ್ತು, ಕಿಟಕಿ ಏರಿಸಿ ಎ.ಸಿ. ಹಾಕಿ ಅಂದೆ. ಬಸ್ ನಿಲ್ದಾಣದವರೆಗೆ ನೆನಪಿದೆ. ಆಮೇಲೆ ಇವಳು ಕಿಟಕಿ ಗಾಜು ತಟ್ಟಿ, "ಏಳ್ರೀ, ಮನೆ ಬಂತು" ಅಂದದ್ದು.

ಹದಿನೆಂಟು ವರ್ಷದಲ್ಲಿ, ಕಲಿಯುವವರು ಓಡಿಸುವ ಕಾರಿನಲ್ಲಿ ನಾನು ನಿದ್ದೆ ಹೋದದ್ದು ಇದೇ ಮೊದಲು.

ತಿದ್ದುಪಡಿ: ಟೈಲರಮ್ಮ ಈಗ ಕಲಿಯುವವರಲ್ಲ.